ಕಡತ: ಒರೆಸಿ ಬರೆಯುವ ಪುಸ್ತಕ

ನಂಜನಗೂಡಿನ ತಾಲ್ಲೂಕು ಕಚೇರಿಯಲ್ಲಿ ಇಂದು ಕಡತವೆಂದರೆ ಟೇಪು ಬಿಗಿದ ಕಾಗದದ ಕಟ್ಟು. ಅದನ್ನು ಮಂಡಿಸುತ್ತಾರೆ, ವಿಲೇವಾರಿ ಮಾಡುತ್ತಾರೆ. ಅದರಲ್ಲಿ ಬರೆದದ್ದನ್ನು ಯಾರಾದರೂ ಅಳಿಸಿದರೆ ಅಪರಾಧ.

ಹಿಂದೆ ಈ ಪದದ ಗುಣವೇ ಬೇರೆ ಇತ್ತು. ಕಡತ ಅಥವಾ ಕಡಿತ ಎಂದರೆ ಬಟ್ಟೆಯ ಪುಸ್ತಕ. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಎರಡೂ ಬದಿ ಹುಣಿಸೆಬೀಜದ ಸರಿ ಬಳಿದು, ಇದ್ದಿಲ ಪುಡಿಯಿಂದ ಕಪ್ಪಾಗಿಸಿ, ಒಣಗಿದ ಮೇಲೆ ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಎರಡು ತುದಿಗೂ ಮರದ ಹಲಗೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಚರಿತ್ರೆಯಲ್ಲಿ ಇದರ ಅಳತೆಯನ್ನೂ ಕೊಟ್ಟಿದ್ದಾರೆ: ಅಗಲ 8ರಿಂದ 12 ಇಂಚು, ಉದ್ದ 12ರಿಂದ 18 ಅಡಿ. ಬರೆಯುವುದು ಬಳಪದಲ್ಲಿ. ಬೇಡವಾದರೆ ಸ್ಲೇಟಿನ ಹಾಗೆ ಒರೆಸಿ ಮತ್ತೆ ಬರೆಯಬಹುದು. ವರ್ತಕರ ಲೆಕ್ಕಕ್ಕೆ ಇದೇ ಆಧಾರ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ.

ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದವರು ಕೇಶವ ದೇವಾಲಯದ ಬಾಗಿಲಲ್ಲಿ ದತ್ತಿಯ ಶಾಸನ ನೋಡಿರುತ್ತಾರೆ. ಆ ಗುಡಿ ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಅದೇ ಜಾತಿಯ ಕಲ್ಲು ಗುಡಿಯಾಗಿ ಏಳು ಶತಮಾನ ದಾಟಿದೆ, ಕಡ್ಡಿಯಾಗಿ ಕಡತದ ಮೇಲೆ ಸವೆದು ಹೋಗಿದೆ. ಶಾಶ್ವತವಾದ ಮಾತಿಗೆ ಶಾಸನ, ಬದಲಾಗುವ ಲೆಕ್ಕಕ್ಕೆ ಕಡತ: ಎರಡನ್ನೂ ಬೇರೆಯಾಗಿಟ್ಟ ಆ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಒರೆಸಿದ ಲೆಕ್ಕಗಳನ್ನು ಯಾರು ತಾನೇ ಅಚ್ಚು ಹಾಕಿಸಿಯಾರು?

ಕಾಗದ ಬಂತು. ಹೆಸರು ಉಳಿಯಿತು, ಒರೆಸುವ ಗುಣ ಹೋಯಿತು. ಆಮೇಲೆ ಕಂಪ್ಯೂಟರು ಬಂದಾಗ ಫೈಲಿಗೂ ಕನ್ನಡದಲ್ಲಿ ಕಡತವೆಂದೇ ಹೆಸರಾಯಿತು.

ಆದರೆ ಒರೆಸುವ ಗುಣ ಕಂಪ್ಯೂಟರಿನಲ್ಲಿ ಬೇರೊಂದು ಕಡೆ ಮರಳಿ ಬಂದಿದೆ. ಈಗ ಪಹಣಿಯ ಲೆಕ್ಕ ನೋಡುವ ಒಂದು ತಂತ್ರಾಂಶ ಬರೆಯುತ್ತಿದ್ದೇವೆ ಎಂದುಕೊಳ್ಳಿ. ಎಕರೆಗೆ 40 ಗುಂಟೆ. 1 ಎಕರೆ 30 ಗುಂಟೆಗೆ 20 ಗುಂಟೆ ಕೂಡಿಸಿದರೆ 2 ಎಕರೆ 10 ಗುಂಟೆ ಬರಬೇಕು. 1 ಎಕರೆ 50 ಗುಂಟೆ ಎಂದು ಬಂದರೆ ತಪ್ಪು. ಇದನ್ನು ರೈತರ ನಿಜವಾದ ಪಹಣಿಯ ಮೇಲೆ ಪರೀಕ್ಷಿಸಕೂಡದು. ಅದಕ್ಕೇ ಕಂಪ್ಯೂಟರಿನ ಮೆಮೊರಿಯಲ್ಲೇ ಒಂದು ಟೇಬಲ್ ಕಟ್ಟಿ, ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ ಎಂಬ ಕಾಲಂ ಹಾಕಿ, ಗೊತ್ತಿರುವ ನಾಲ್ಕು ಸಾಲು ತುಂಬಿ, ಲೆಕ್ಕ ನೋಡಿ, ಇಡೀ ಟೇಬಲನ್ನೇ ಅಳಿಸುತ್ತಾರೆ. ಮುಂದಿನ ಪರೀಕ್ಷೆಗೆ ಮತ್ತೆ ಮೊದಲಿನಿಂದ ಅದೇ ಟೇಬಲ್, ಅದೇ ಸಾಲುಗಳು. ಹಿಂದಿನ ಪರೀಕ್ಷೆಯ ಒಂದು ಸಾಲು ಉಳಿದುಬಿಟ್ಟರೂ ಮೊತ್ತ ಕೆಡುತ್ತದೆ, ಆಗ ತಪ್ಪು ತಂತ್ರಾಂಶದ್ದೋ ಉಳಿಕೆಯದ್ದೋ ಗೊತ್ತಾಗುವುದಿಲ್ಲ. ಬಟ್ಟೆಯ ಕಡತದಲ್ಲೂ ಸರಿಯಾಗಿ ಒರೆಸದ ಅಂಕಿಯ ಅಪಾಯ ಇಂಥದ್ದೇ.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಇದಕ್ಕೆ ಫೈಲಿನ ಹೆಸರು ಬರೆಯುವ ಜಾಗದಲ್ಲಿ ‘:memory:’ ಎಂದು, ಎರಡೂ ಬದಿಯ ಕೋಲನ್ ಸಮೇತ, ಬರೆದರಾಯಿತು. ಡಿಸ್ಕಿನ ಮೇಲೆ ಫೈಲೇ ಹುಟ್ಟುವುದಿಲ್ಲ. ಸಂಪರ್ಕ ಮುಚ್ಚಿದೊಡನೆ ಟೇಬಲ್ ಇಲ್ಲವಾಗುತ್ತದೆ. ಇಂದಿನ ಕನ್ನಡದಲ್ಲಿ ಹೇಳುವುದಾದರೆ ಇದು ಕಡತವಿಲ್ಲದ ಟೇಬಲ್. ವಿಲ್ಕ್ಸ್ ಕಂಡ ಮೈಸೂರಿನ ಕನ್ನಡದಲ್ಲಿ ಇದಕ್ಕೇ ಕಡತವೆಂಬ ಹೆಸರು ಒಪ್ಪುತ್ತಿತ್ತು. ‘ತಾತ್ಕಾಲಿಕ ಸ್ಮೃತಿ ಕೋಷ್ಟಕ’ ಎಂಬಂಥ ಪಾರಿಭಾಷಿಕ ಪದ ಹೊಸೆಯುವ ಬದಲು ನಮ್ಮ ಪಠ್ಯಪುಸ್ತಕಗಳು ‘ಬಳಪದ ಕಡತ’ ಎಂದು ಬರೆಯಲಿ ಎಂಬುದು ನನ್ನ ಆಸೆ.