ಮೊದಲ ಧರ್ಮಸಭೆಯ ಪಂಕ್ತಿಭೇದ



ನಮ್ಮ ರೊಳ್ಳ, ಅಗಳಿ, ಅಮರಾಪುರದ ಕಡೆ ಮನೆಮಾತು ಕನ್ನಡ, ಸರ್ಕಾರಿ ಕಚೇರಿಯ ಮಾತು ತೆಲುಗು. ಎರಡು ಭಾಷೆಯ ನಡುವೆ ಬದುಕುವುದು ಗಡಿಯವರಿಗೆ ಹೊಸದೇನಲ್ಲ. ಆದರೆ ಧರ್ಮಸಭೆಯ ಮೊಟ್ಟಮೊದಲ ಕುಟುಂಬವೂ ಹೀಗೇ ಎರಡು ಭಾಷೆಯ ಕುಟುಂಬವಾಗಿತ್ತು. ಪ್ರೇಷಿತರ ಕಾರ್ಯಕಲಾಪಗಳು ಹೇಳುವ ಮೊದಲ ಗುಂಪು ಜಗಳ ಎದ್ದದ್ದೂ ಎರಡು ಭಾಷೆಯವರ ನಡುವೆ, ಅದೂ ಅನ್ನ ಹಂಚುವ ವಿಷಯಕ್ಕೆ. ಆ ಜಗಳ ಬಗೆಹರಿದ ರೀತಿಯೇ ಮುಂದೆ ನಮ್ಮಂಥವರಿಗೂ ಬಾಗಿಲು ತೆರೆಯಿತು. ಆ ಇತಿಹಾಸವನ್ನು ಇಲ್ಲಿ ನೋಡೋಣ.

ಅವರೆಲ್ಲರೂ ಯೆಹೂದ್ಯರೇ

ಯೇಸುಸ್ವಾಮಿ ಯೆಹೂದ್ಯರು. ಮಾತೆ ಮರಿಯ, ಪೇತ್ರ, ಯೊವಾನ್ನ, ಪೌಲ ಎಲ್ಲರೂ ಯೆಹೂದ್ಯರು. ಪವಿತ್ರಾತ್ಮರು ಇಳಿದು ಬಂದ ದಿನವೂ ಯೆಹೂದ್ಯರ ಹಬ್ಬದ ದಿನವೇ. ಪಾಸ್ಕದಿಂದ ಏಳು ವಾರ ಎಣಿಸಿ, ಗೋಧಿ ಸುಗ್ಗಿಗೆ ಕೃತಜ್ಞತೆ ಸಲ್ಲಿಸುವ ಹಬ್ಬ ಅದು. ಐವತ್ತನೆಯ ದಿನ ಬರುವುದರಿಂದ ಗ್ರೀಕ್ ಮಾತಿನಲ್ಲಿ ಪೆಂತಕೋಸ್ತ್, ನಮ್ಮಲ್ಲಿ ಪಂಚಾಶತ್ತಮ. ಆ ದಿನ ಜೆರುಸಲೇಮಿನಲ್ಲಿ ಪೇತ್ರನ ಮಾತು ಕೇಳಿದ ಜನ ಹಲವು ದೇಶಗಳಿಂದ ಬಂದಿದ್ದರು. ಆದರೆ ಅವರೆಲ್ಲ ಯೆಹೂದ್ಯರು, ಇಲ್ಲವೇ ಯೆಹೂದ್ಯ ಧರ್ಮಕ್ಕೆ ಸೇರಿದವರು.

ಯೇಸುವನ್ನು ನಂಬಿದ ಮೇಲೆ ಇವರು ಬೇರೆ ಧರ್ಮ ಕಟ್ಟಿಕೊಳ್ಳಲು ಹೊರಡಲಿಲ್ಲ. ಪೇತ್ರ ಮತ್ತು ಯೊವಾನ್ನ ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಲೇ ಇದ್ದರು. ದೇವಾಲಯದಲ್ಲಿ ಪ್ರಾರ್ಥನೆ, ಮನೆಮನೆಯಲ್ಲಿ ರೊಟ್ಟಿ ಮುರಿಯುವುದು, ಇದ್ದುದನ್ನು ಹಂಚಿಕೊಳ್ಳುವುದು: ಇದು ಅವರ ಬದುಕಾಗಿತ್ತು. ತಮ್ಮ ಜನ ಬಹುಕಾಲದಿಂದ ಕಾಯುತ್ತಿದ್ದ ಮೆಸ್ಸೀಯ ಬಂದಾಗಿದೆ ಎಂಬುದೇ ಅವರ ಸಾಕ್ಷಿ.

ಒಂದು ಊರು, ಎರಡು ಮಾತು

ಗಲಿಲೇಯದಿಂದ ಬಂದ ಶಿಷ್ಯರ ಮನೆಮಾತು ಅರಮಾಯಿಕ್. ಅವರ ಧರ್ಮಗ್ರಂಥದ ಭಾಷೆ ಹೀಬ್ರೂ. ಆದರೆ ಅಲೆಕ್ಸಾಂಡ್ರಿಯ, ಸಿರೇನೆ, ಸಿಲಿಸಿಯದಂಥ ದೂರದ ಊರುಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಯೆಹೂದ್ಯರು ಗ್ರೀಕ್ ಮಾತಾಡುತ್ತಿದ್ದರು. ಅಂಥವರಿಗಾಗಿ ಕ್ರಿ.ಪೂ. 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದಲ್ಲಿ ಮೋಶೆಯ ಗ್ರಂಥಗಳು ಗ್ರೀಕ್ ಭಾಷೆಗೆ ಬಂದಿದ್ದವು. ಇವರಲ್ಲಿ ಅನೇಕರು ಪವಿತ್ರ ನಗರದಲ್ಲೇ ಕಣ್ಣು ಮುಚ್ಚಬೇಕೆಂದು ಜೆರುಸಲೇಮಿಗೆ ಬಂದು ನೆಲೆಸುತ್ತಿದ್ದರು.

ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. 1913–14ರಲ್ಲಿ ಜೆರುಸಲೇಮಿನ ಉತ್ಖನನದಲ್ಲಿ ಹತ್ತು ಸಾಲಿನ ಒಂದು ಗ್ರೀಕ್ ಶಾಸನ ಸಿಕ್ಕಿತು. ಥೆಯೊದೊತನೆಂಬ ಯಾಜಕ ಅದನ್ನು ಬರೆಸಿದವನು. ಅವನ ತಂದೆ, ತಾತ ಕೂಡ ಪ್ರಾರ್ಥನಾಮಂದಿರದ ಮುಖ್ಯಸ್ಥರು. ಧರ್ಮಶಾಸ್ತ್ರ ಓದಲು, ಆಜ್ಞೆಗಳನ್ನು ಕಲಿಸಲು ಮಂದಿರ ಕಟ್ಟಿಸಿದೆ, ಪರಊರಿಂದ ಬಂದವರಿಗೆ ಕೋಣೆಗಳನ್ನೂ ನೀರಿನ ವ್ಯವಸ್ಥೆಯನ್ನೂ ಮಾಡಿಸಿದೆ ಎಂದು ಅದರಲ್ಲಿ ಕೊರೆಸಿದ್ದಾನೆ. ಈ ಶಾಸನ ಕ್ರಿ.ಶ. 70ಕ್ಕಿಂತ ಹಿಂದಿನದು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅಂದರೆ ದೇವಾಲಯದ ಸಮೀಪದಲ್ಲೇ ಗ್ರೀಕ್ ಮಾತಾಡುವ ಯೆಹೂದ್ಯರ ಮಂದಿರವಿತ್ತು.

ವಿಧವೆಯರ ತಟ್ಟೆ

ಈ ಎರಡೂ ಮಾತಿನ ಯೆಹೂದ್ಯರು ಯೇಸುವನ್ನು ನಂಬಿ ಒಂದೇ ಸಭೆಯಾದರು. ದಿನವೂ ಬಡವರಿಗೆ ಆಹಾರ ಹಂಚುತ್ತಿದ್ದರು. ವಿಧವೆ, ಅನಾಥ, ಪರದೇಶಿ ಇವರನ್ನು ಕೈಬಿಡಬಾರದೆಂಬುದು ಮೋಶೆಯ ಧರ್ಮಶಾಸ್ತ್ರದ ಕಟ್ಟಪ್ಪಣೆ. ಆದರೂ ಗ್ರೀಕ್ ಮಾತಿನ ವಿಧವೆಯರಿಗೆ ಪಾಲು ತಪ್ಪುತ್ತಿದೆ ಎಂಬ ಗೊಣಗಾಟ ಎದ್ದಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪಂಕ್ತಿಭೇದ.

ಪ್ರೇಷಿತರು ದೂರನ್ನು ಮುಚ್ಚಿಹಾಕಲಿಲ್ಲ, ದೂರಿದವರ ಬಾಯಿ ಮುಚ್ಚಿಸಲಿಲ್ಲ. ಎಲ್ಲರನ್ನೂ ಕರೆದು, ನಿಮ್ಮೊಳಗಿಂದ ಏಳು ಜನರನ್ನು ನೀವೇ ಆರಿಸಿ ಎಂದರು. ಸಭೆ ಆರಿಸಿದ ಹೆಸರುಗಳನ್ನು ಗಮನಿಸಿ: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು! ಕೊನೆಯವನಂತೂ ಹುಟ್ಟಿನಿಂದ ಯೆಹೂದ್ಯನೇ ಅಲ್ಲ, ಯೆಹೂದ್ಯ ಧರ್ಮಕ್ಕೆ ಸೇರಿದ್ದ ಅಂತಿಯೋಕ್ಯದವನು. ಯಾರ ತಟ್ಟೆ ಖಾಲಿ ಉಳಿದಿತ್ತೋ, ಬಡಿಸುವ ಸೌಟು ಅವರ ಕಡೆಯವರ ಕೈಗೇ ಬಂತು. ಪ್ರೇಷಿತರು ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮೋಶೆ ಯೆಹೋಶುವನ ಮೇಲೆ ಕೈಯಿಟ್ಟು ಜವಾಬ್ದಾರಿ ವಹಿಸಿದ ಹಳೆಯ ಕ್ರಮವೇ ಅದು. ಇಂದಿಗೂ ಗುರುದೀಕ್ಷೆಯಲ್ಲಿ ಧರ್ಮಾಧ್ಯಕ್ಷರು ಮಾಡುವುದು ಅದನ್ನೇ.

ಅಂತಿಯೋಕ್ಯದ ಊಟದ ಸಾಲು

ಈ ಏಳು ಮಂದಿಯಿಂದಲೇ ಮುಂದಿನ ಕತೆ ಬೆಳೆಯಿತು. ಸ್ತೇಫನನನ್ನು ಕಲ್ಲೆಸೆದು ಕೊಂದಾಗ ವಿಶ್ವಾಸಿಗಳು ಚದುರಿದರು. ಫಿಲಿಪ್ಪ ಸಮಾರಿಯಕ್ಕೆ ಹೋದ. ಸೈಪ್ರಸ್, ಸಿರೇನೆ ಮೂಲದ ಕೆಲವರು ಅಂತಿಯೋಕ್ಯಕ್ಕೆ ಹೋಗಿ ಯೆಹೂದ್ಯರಲ್ಲದವರಿಗೂ ಶುಭಸಂದೇಶ ಸಾರಿದರು. ಅವರಿಗೆ ಗ್ರೀಕ್ ಬರುತ್ತಿದ್ದರಿಂದಲೇ ಇದು ಸಾಧ್ಯವಾಯಿತು. ಶಿಷ್ಯರನ್ನು ಮೊದಲ ಬಾರಿಗೆ ಕ್ರೈಸ್ತರು ಎಂದು ಕರೆದದ್ದು ಆ ಊರಿನಲ್ಲೇ. ಮೆಸ್ಸೀಯ ಎಂಬ ಹೀಬ್ರೂ ಮಾತಿನ ಗ್ರೀಕ್ ರೂಪವೇ ಕ್ರಿಸ್ತ. ಅದಕ್ಕೆ ಲ್ಯಾಟಿನ್ ಮಾದರಿಯ ಪ್ರತ್ಯಯ ಸೇರಿ ಆ ಹೆಸರು ಹುಟ್ಟಿತು. ಹೀಗೆ ನಮ್ಮ ಹೆಸರಿನಲ್ಲೇ ಮೂರು ಭಾಷೆಗಳ ಗುರುತಿದೆ.

ಆದರೆ ಅಂತಿಯೋಕ್ಯದಲ್ಲಿ ಊಟದ ಸಾಲು ಮತ್ತೆ ಒಡೆಯಿತು. ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದ ಪೇತ್ರ, ಜೆರುಸಲೇಮಿನಿಂದ ಕೆಲವರು ಬಂದ ಮೇಲೆ ಹಿಂದೆ ಸರಿದ. ಪೌಲ ಅವನನ್ನು ಎಲ್ಲರೆದುರೇ ಪ್ರಶ್ನಿಸಿದ. ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲನೇ ಇದನ್ನು ಹೇಳಿದ್ದಾನೆ. ಕ್ರೈಸ್ತರಾಗಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕೇ ಎಂಬ ಪ್ರಶ್ನೆ ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನ ಸಭೆಯ ಮುಂದೆ ಬಂತು. ಬೇಡ ಎಂದು ತೀರ್ಮಾನವಾಯಿತು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಅನೈತಿಕತೆ ಇವುಗಳಿಂದ ದೂರವಿದ್ದರೆ ಸಾಕು ಎಂದರು. ಈ ತೀರ್ಮಾನ ಕೊಟ್ಟವರು ಯೆಹೂದ್ಯರೇ. ಅದಕ್ಕೆ ಯಕೋಬ ಆಧಾರವಾಗಿ ತೋರಿಸಿದ್ದೂ ಯೆಹೂದ್ಯ ಪ್ರವಾದಿಗಳ ಮಾತನ್ನೇ. ನಮಗೆ ಬಾಗಿಲು ತೆರೆದದ್ದು ಒಳಗಿನಿಂದ.

ಮರೆಯಬಾರದ ಬೇರು

ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಕೆಡವಿದರು. ಆಮೇಲೆ ಕಾಲಕ್ರಮದಲ್ಲಿ ಎರಡು ದಾರಿಗಳು ಬೇರಾದವು. ಬೇರಾದ ಮೇಲೆ, ನೋವಿನ ಸಂಗತಿಯೆಂದರೆ, ಕ್ರೈಸ್ತರು ಶತಮಾನಗಳ ಕಾಲ ಯೆಹೂದ್ಯರನ್ನು ಹೀನಾಯವಾಗಿ ಕಂಡರು. ತಾವು ಕಾಡು ಓಲಿವ್ ಕೊಂಬೆಯಾಗಿ ಇನ್ನೊಬ್ಬರ ಬೇರಿಗೆ ಕಸಿಯಾದವರು ಎಂದು ಪೌಲ ರೋಮನರಿಗೆ ಬರೆದದ್ದನ್ನು ಮರೆತರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ‘ನೊಸ್ತ್ರಾ ಎತಾತೆ’ ಘೋಷಣೆಯಲ್ಲಿ ಆ ಬೇರನ್ನು ಮತ್ತೆ ನೆನಪಿಸಿತು, ಯೆಹೂದ್ಯರ ಮೇಲಿನ ದ್ವೇಷವನ್ನು ಖಂಡಿಸಿತು.

ಬೇರು ದೂರದಲ್ಲೇನೂ ಇಲ್ಲ, ನಮ್ಮ ಬಾಯಲ್ಲೇ ಇದೆ. ಆಮೆನ್, ಅಲ್ಲೆಲೂಯ, ಹೊಸಾನ್ನ ಎಲ್ಲವೂ ಆ ಜನರ ಮಾತುಗಳೇ. ಬಲಿಪೂಜೆಯಲ್ಲಿ ವಾಚನ ಓದಿ ಪ್ರಬೋಧನೆ ಕೇಳುವ ಕ್ರಮ ಪ್ರಾರ್ಥನಾಮಂದಿರದಲ್ಲಿ ಇದ್ದದ್ದೇ. ಪರಮ ಪ್ರಸಾದದ ಹಿನ್ನೆಲೆ ಪಾಸ್ಕದ ಊಟ.

ನಮ್ಮ ಗಡಿಯಲ್ಲಿ

1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ಬಂತು. ಆಗ ಮಡಕಶಿರಾ ಸೀಮೆ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲೇ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಯಿತು, 1953ರಲ್ಲಿ ರಾಯದುರ್ಗ ಆಂಧ್ರಕ್ಕೆ ಸೇರಿತು, 2022ರಲ್ಲಿ ರೊಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು. ಗೆರೆಗಳು ಸರಿದಾಡಿದವು, ಜನ ಅಲ್ಲೇ ಉಳಿದರು.

ಹಾಗಾಗಿ ಎರಡು ಭಾಷೆ ಬರುವುದನ್ನು ಕೊರತೆ ಎಂದುಕೊಳ್ಳಬೇಡಿ. ಜೆರುಸಲೇಮಿನಲ್ಲಿ ಪೌಲ ರೋಮನ್ ಅಧಿಕಾರಿಯ ಜೊತೆ ಗ್ರೀಕಿನಲ್ಲಿ ಮಾತಾಡಿ, ಮರುಗಳಿಗೆಯಲ್ಲೇ ಜನರ ಕಡೆ ತಿರುಗಿ ಅವರದೇ ಮಾತಿನಲ್ಲಿ ಮಾತಾಡಿದ. ಅಂಥವರೇ ಶುಭಸಂದೇಶವನ್ನು ಗಡಿ ದಾಟಿಸಿದರು.

ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ನಮ್ಮ ಧರ್ಮಕೇಂದ್ರದ ಹಬ್ಬದೂಟದಲ್ಲಿ, ಗಾಯನ ತಂಡದಲ್ಲಿ, ಯುವ ಸಮಿತಿಯಲ್ಲಿ ಭಾಷೆಯ ಕಾರಣಕ್ಕೋ, ಜಾತಿಯ ಕಾರಣಕ್ಕೋ ಯಾರ ತಟ್ಟೆ ಖಾಲಿ ಉಳಿದಿದೆ? ಉತ್ತರ ಗೊತ್ತಾದರೆ ಮುಂದೇನು ಮಾಡಬೇಕೆಂದು ಜೆರುಸಲೇಮಿನ ಆ ಬಡ ಸಭೆ ಆಗಲೇ ತೋರಿಸಿಕೊಟ್ಟಿದೆ: ಸೌಟನ್ನು ಅವರ ಕೈಗೆ ಕೊಡಿ.