ಹಾಡೋಕೆ ಬೇಕು, ಮಲಗೋಕೆ ಬೇಡ

ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಟೀ ಕುಡಿದವರ ಮಕ್ಕಳು ನಾವು. ಅಮೆರಿಕದ ಈ ಹೋಟೆಲಿನ ಕತೆ ನಮಗೆ ದೂರದ್ದಲ್ಲ.

ಲಾಸ್ ವೇಗಾಸ್ ಜೂಜಿನ ಊರು. 1950ರ ಸುಮಾರಿಗೆ ಅಲ್ಲಿನ ಹೆದ್ದಾರಿಯ ಕ್ಯಾಸಿನೋ ಹೋಟೆಲುಗಳಿಗೆ ನ್ಯಾಟ್ ಕಿಂಗ್ ಕೋಲ್‌ರಂಥವರ ಹಾಡು ಬೇಕಿತ್ತು, ಹಾಡಿದವರು ಬೇಡವಾಗಿತ್ತು. ಹಾಡು ಮುಗಿಸಿ ಅವರು ರೈಲು ಹಳಿಯಾಚೆಯ ವೆಸ್ಟ್‌ಸೈಡಿಗೆ, ಕಪ್ಪು ಜನರ ಕೇರಿಗೆ, ಹೋಗಿ ಮಲಗಬೇಕು.

1955ರ ಮೇ 24ರಂದು ಬೊನಾಂಜಾ ರಸ್ತೆಯ ಬದಿಯಲ್ಲಿ ಮುಲಾಂ ರೂಜ್ ತೆರೆಯಿತು. ಕಪ್ಪು ಜನ, ಬಿಳಿ ಜನ ಒಟ್ಟಿಗೆ ಕೂತು ಉಣ್ಣಬಹುದಾದ ಆ ಊರಿನ ಮೊದಲ ಕ್ಯಾಸಿನೋ ಹೋಟೆಲು. ಬಾಕ್ಸಿಂಗ್ ವೀರ ಜೋ ಲೂಯಿ ಬಂದವರನ್ನು ಸ್ವಾಗತಿಸುತ್ತಿದ್ದ. ನಡುರಾತ್ರಿ ದಾಟಿದ ಮೇಲಿನ ಆಟಕ್ಕೆ ಹೆದ್ದಾರಿಯ ಬಿಳಿ ತಾರೆಯರೂ ಓಡಿ ಬರುತ್ತಿದ್ದರು. ಜೂನ್‌ನಲ್ಲಿ ಅದರ ನರ್ತಕಿಯರು 'ಲೈಫ್' ಪತ್ರಿಕೆಯ ಮುಖಪುಟಕ್ಕೆ ಬಂದರು. ನವೆಂಬರ್ ಹೊತ್ತಿಗೆ ಬೀಗ! ಆ ವರ್ಷ ಊರ ತುಂಬ ಹೊಸ ಹೋಟೆಲು, ಇದಕ್ಕೆ ಮೈತುಂಬ ಸಾಲ. ಕೇರಿಯ ಪಕ್ಕದಲ್ಲಿದ್ದರೂ ಒಡೆತನ ಬಹುಪಾಲು ಬಿಳಿಯರದೇ. ಉಳಿಸಿಕೊಳ್ಳುವ ಹಕ್ಕು ಕೇರಿಗೆಲ್ಲಿತ್ತು?

1960ರ ಮಾರ್ಚ್‌ನಲ್ಲಿ ಕಪ್ಪು ಜನರ ಸಂಘಟನೆಯ ನಾಯಕ, ಹಲ್ಲಿನ ಡಾಕ್ಟರ್ ಜೇಮ್ಸ್ ಮೆಕ್‌ಮಿಲನ್, ಹೆದ್ದಾರಿಗೆ ಮೆರವಣಿಗೆ ತರುತ್ತೇವೆ ಅಂದರು. ಜೂಜುಕಟ್ಟೆಯವರು ಬೆದರಿದರು. 26ರಂದು ಇದೇ ಮುಲಾಂ ರೂಜ್‌ನಲ್ಲಿ ಮಾತುಕತೆ ನಡೆದು ಹೆದ್ದಾರಿಯ ಬಾಗಿಲುಗಳು ತೆರೆದವು. ಆದರೆ ಒಳ್ಳೆಯ ಕೆಲಸಗಳಲ್ಲಿ ಪಾಲು ಪಡೆಯಲು 1971ರಲ್ಲಿ ಕೋರ್ಟಿನ ಆದೇಶವೇ ಬೇಕಾಯಿತು.

2003ರ, 2009ರ ಬೆಂಕಿಗಳು ಹೋಟೆಲನ್ನು ತಿಂದವು. ಬಂಡವಾಳ ತೆರೆದ ಬಾಗಿಲು ಆರು ತಿಂಗಳಿಗೇ ಮುಚ್ಚಿತು. ಸಂಘಟನೆ ತೆರೆಸಿದ್ದು ಮತ್ತೆ ಮುಚ್ಚಲಿಲ್ಲ.