ಹಡಗು ಹತ್ತುವ ಮುನ್ನ: ಹಿಂದಿನ ಪ್ರಯಾಣಿಕರು ಹೇಳುವುದೇನು?



ನಿಮ್ಮಲ್ಲಿ ಎಷ್ಟು ಮಂದಿ ಸಮುದ್ರಯಾನ ಮಾಡಿದ್ದೀರಿ? ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬಂದವರು ಕೈ ಎತ್ತಬಹುದು. ಆದರೆ ಅದು ಸ್ವಲ್ಪ ಹೊತ್ತಿನ ಮಾತು, ದಡ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಸುತ್ತಲೂ ನೀರು ಬಿಟ್ಟರೆ ಬೇರೇನೂ ಇಲ್ಲದೆ ಹತ್ತು ಹದಿನೈದು ದಿನ ಕಳೆಯುವುದೆಂದರೆ ಬೇರೆಯೇ ಸಂಗತಿ. ಇಂದು ಅಂಥ ಯಾನವನ್ನು ಜನ ಸಂತೋಷಕ್ಕಾಗಿ ಕೈಗೊಳ್ಳುತ್ತಾರೆ. ವಿಹಾರಕ್ಕೆಂದೇ ಕಟ್ಟಿದ ಭಾರೀ ಹಡಗುಗಳು ಮಂಗಳೂರಿನ ಪಣಂಬೂರು ಬಂದರಿಗೂ ಬಂದುಹೋಗುತ್ತವೆ. ಮುಂದೊಂದು ದಿನ ನೀವೂ ಹತ್ತಬಹುದು. ಹತ್ತಿದ ಮೇಲೆ ಆ ದಿನಗಳನ್ನು ಏನು ಮಾಡುತ್ತೀರಿ? ಈ ಪ್ರಶ್ನೆಗೆ ಉತ್ತರವನ್ನು ಪ್ರವಾಸಿ ಕಂಪನಿಗಳ ಕರಪತ್ರಗಳಲ್ಲಿ ಹುಡುಕುವುದಕ್ಕಿಂತ ಇತಿಹಾಸದಲ್ಲಿ ಹುಡುಕುವುದು ಮೇಲು ಎಂದು ನನಗೆ ತೋರುತ್ತದೆ.

ಮೊದಲು, ವಿಹಾರಯಾನ ಎಂಬುದು ಹುಟ್ಟಿದ ಬಗೆಯನ್ನು ಚಿಕ್ಕದಾಗಿ ನೋಡೋಣ. ಹಡಗಿನಲ್ಲಿ ವಿಹಾರಕ್ಕೆ ಹೋದವರು ಮೊದಲೂ ಇದ್ದರು. 1867ರಲ್ಲಿ ‘ಕ್ವೇಕರ್ ಸಿಟಿ’ ಎಂಬ ಹಡಗಿನಲ್ಲಿ ಅಮೆರಿಕದ ಪ್ರವಾಸಿಗಳ ತಂಡವೊಂದು ಯೂರೋಪ್ ಮತ್ತು ಪ್ಯಾಲೆಸ್ಟೈನ್ ನೋಡಲು ಹೊರಟಿತು. ಆ ತಂಡದಲ್ಲಿದ್ದ ಮಾರ್ಕ್ ಟ್ವೈನ್ ಅದರ ಬಗ್ಗೆ ಬರೆದ ನಗೆಬರಹದ ಪುಸ್ತಕ ಅವನಿಗೆ ದೊಡ್ಡ ಹೆಸರು ತಂದಿತು. ಆದರೆ ಇದನ್ನು ಒಂದು ಉದ್ಯಮವಾಗಿ ಕಂಡವನು ಜರ್ಮನಿಯ ಹ್ಯಾಂಬರ್ಗ್ ನಗರದ ಆಲ್ಬರ್ಟ್ ಬಾಲಿನ್. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ದಾಟುವ ಪ್ರಯಾಣಿಕರ ಸಂಖ್ಯೆ ಇಳಿದು, ಅವನ ಕಂಪನಿಯ ಹಡಗುಗಳಿಗೆ ಕೆಲಸ ಕಡಿಮೆಯಾಗುತ್ತಿತ್ತು. ಕಟ್ಟಿಹಾಕಿದ ಹಡಗಿಗೂ ಖರ್ಚು ತಪ್ಪದಲ್ಲ! 1891ರ ಜನವರಿಯಲ್ಲಿ ಬಾಲಿನ್ ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು ಮೆಡಿಟರೇನಿಯನ್ ಸಮುದ್ರದ ಬಿಸಿಲಿಗೆ ಕಳುಹಿಸಿದ. 241 ಮಂದಿ ಹೊರಟರು, ಬಾಲಿನ್ ತಾನೂ ಜೊತೆಗೆ ಹೋದ. ಸುಮಾರು ಎರಡು ತಿಂಗಳ ಯಾನ. ಇಂದಿನ ವಿಹಾರನೌಕೆಗಳ ಮೂಲ ಇಲ್ಲಿದೆ. ಹಡಗಿನ ಬಿಡುವಿನ ದಿನಗಳನ್ನು ವ್ಯರ್ಥ ಮಾಡಬಾರದೆಂಬ ವ್ಯಾಪಾರಿಯ ಲೆಕ್ಕಾಚಾರದಿಂದ ಹುಟ್ಟಿದ್ದು ಅದು. ಪ್ರಯಾಣಿಕನ ಬಿಡುವಿನ ಲೆಕ್ಕ ಬೇರೆ. ಅದನ್ನು ತಿಳಿಯಲು, ವಿಹಾರಕ್ಕಲ್ಲದೆ ಅಗತ್ಯಕ್ಕಾಗಿ ಕಡಲು ದಾಟಿದವರ ಕಡೆ ತಿರುಗಬೇಕು.

ಹಡಗು ಹತ್ತಿದವರಿಗೆ ಮೊದಲು ಎದುರಾಗುವುದು ಹೊಟ್ಟೆ ತೊಳಸುವಿಕೆ. ಕಿವಿಯ ಒಳಗಿರುವ ಸಮತೋಲದ ಅಂಗ ‘ಅಲುಗಾಡುತ್ತಿದ್ದೇವೆ’ ಎನ್ನುತ್ತದೆ. ಕೋಣೆಯ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಈ ಜಗಳದಲ್ಲಿ ಸೋಲುವುದು ಹೊಟ್ಟೆ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ‘ಬೀಗಲ್’ ಹಡಗಿನಲ್ಲಿ ಲೋಕ ಸುತ್ತಿದನಲ್ಲ, ಅವನಿಗೆ ಈ ಕಾಟ ಕೊನೆಯವರೆಗೂ ಬಿಡಲಿಲ್ಲ. ಬಿಸ್ಕತ್ತು ಮತ್ತು ಒಣದ್ರಾಕ್ಷಿ ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತವೆ ಎಂದು ತಂದೆಗೆ ಪತ್ರ ಬರೆದ. ತೂಗುಮಂಚದಲ್ಲಿ ಉದ್ದಕ್ಕೆ ಮಲಗಿ ದಿನ ದೂಡಿದ. ಆದರೂ ಹಡಗು ಬಿಟ್ಟು ಓಡಿಹೋಗಲಿಲ್ಲ ಎಂಬುದನ್ನು ನೆನಪಿಡಿ. ನಿಮಗೆ ಆಯ್ಕೆ ಇದ್ದರೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆಯನ್ನೇ ಕೇಳಿ. ತಕ್ಕಡಿಯ ದಂಡದ ಹಾಗೆ ಹಡಗು ತುದಿಗಳಲ್ಲಿ ಹೆಚ್ಚು ಏರಿಳಿಯುತ್ತದೆ, ನಡುವೆ ಕಡಿಮೆ. ಮೈ ಸರಿಯಿಲ್ಲವೆನಿಸಿದರೆ ಹೊರಗೆ ಬಂದು ದಿಗಂತವನ್ನೇ ದಿಟ್ಟಿಸಿ. ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ.

ಇನ್ನು ಉಡುಪು, ಸಾಮಾನು. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ಹುಡುಗನೊಬ್ಬನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹೆಸರು ಮೋಹನದಾಸ ಗಾಂಧಿ. ಇಂಗ್ಲಿಷಿನಲ್ಲಿ ಮಾತಾಡಲು ಸಂಕೋಚ, ಚಮಚ ಮುಳ್ಳುಗಳ ಬಳಕೆ ತಿಳಿಯದು, ಯಾವ ಪದಾರ್ಥದಲ್ಲಿ ಮಾಂಸವಿದೆ ಎಂದು ಕೇಳಲು ಧೈರ್ಯವಿಲ್ಲ. ಆದ್ದರಿಂದ ಊಟದ ಮೇಜಿನತ್ತ ಸುಳಿಯದೆ, ಮನೆಯಿಂದ ತಂದಿದ್ದ ಸಿಹಿತಿಂಡಿ ಹಣ್ಣುಗಳನ್ನು ಕೋಣೆಯಲ್ಲೇ ತಿಂದುಕೊಂಡು ದಿನ ಕಳೆದ. ಇಳಿಯುವ ದಿನಕ್ಕೆಂದು ಜೋಪಾನವಾಗಿ ಎತ್ತಿಟ್ಟಿದ್ದ ಬಿಳಿ ಫ್ಲಾನಲ್ ಸೂಟು ತೊಟ್ಟು ದಡಕ್ಕಿಳಿದರೆ, ಆ ಸೆಪ್ಟೆಂಬರ್ ಕೊನೆಯಲ್ಲಿ ಬಿಳಿ ತೊಟ್ಟವನು ಅವನೊಬ್ಬನೇ! ಬದಲಿಸೋಣವೆಂದರೆ ಪೆಟ್ಟಿಗೆಗಳ ಜೊತೆಗೆ ಬೀಗದ ಕೈಗಳೂ ಏಜೆಂಟರ ವಶಕ್ಕೆ ಹೋಗಿದ್ದವು. ಅಂದು ಶನಿವಾರ, ಮಾರನೆಯ ದಿನ ರಜೆ. ಸೋಮವಾರದವರೆಗೆ ಅದೇ ಬಿಳಿ ಸೂಟು. ಒಂದು ಜೊತೆ ಬಟ್ಟೆಯನ್ನೂ ಬೀಗದ ಕೈಯನ್ನೂ ಹೆಗಲಚೀಲದಲ್ಲಿ ಇಟ್ಟುಕೊಳ್ಳಬೇಕೆಂದು ಇಂದಿಗೂ ಅನುಭವಿಗಳು ಹೇಳುತ್ತಾರೆ. ಕಾರಣ ಬೇರೆ ಹೇಳಬೇಕೆ?

ಅದೇ ಗಾಂಧಿ 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೊರಟಾಗ ಸಂಕೋಚ ಬಹಳಷ್ಟು ಕಳೆದಿತ್ತು. ಕಪ್ತಾನನ ಜೊತೆ ಚದುರಂಗ ಆಡಿದರು, ಆಡಿ ಸೋತರು. ಆಫ್ರಿಕದ ಲಾಮು ಬಂದರಿನಲ್ಲಿ ಹಡಗು ಮೂರು ನಾಲ್ಕು ಗಂಟೆ ನಿಂತಿತು. ಇಲ್ಲಿನ ನೀರು ಮೋಸದ್ದು, ಬೇಗ ಬನ್ನಿ ಎಂದು ಕಪ್ತಾನ ಮೊದಲೇ ಎಚ್ಚರಿಸಿದ್ದ. ಗಾಂಧಿ ಊರೊಳಗೆ ಹೋದರು, ಅಂಚೆ ಕಚೇರಿಯಲ್ಲಿ ಭಾರತೀಯ ಗುಮಾಸ್ತರನ್ನು ಕಂಡು ಹಿಗ್ಗಿ ಮಾತಿಗೆ ನಿಂತರು. ಹಿಂದಿರುಗುವಾಗ ಸೆಳೆತ ಎಷ್ಟಿತ್ತೆಂದರೆ ತುಂಬಿ ತುಳುಕುತ್ತಿದ್ದ ದೋಣಿಯನ್ನು ಹಡಗಿನ ಏಣಿಗೆ ಕಟ್ಟಲಾಗಲಿಲ್ಲ. ಹಡಗು ಕೂಗು ಹಾಕಿತು. ಕಪ್ತಾನ ಐದು ನಿಮಿಷ ತಡೆದ. ಪರಿಚಿತರೊಬ್ಬರು ಹತ್ತು ರೂಪಾಯಿ ಕೊಟ್ಟು ಬೇರೊಂದು ದೋಣಿ ಗೊತ್ತು ಮಾಡಿ ಇವರನ್ನು ಹತ್ತಿಸಿಕೊಂಡರು. ಅಷ್ಟರಲ್ಲಿ ಏಣಿಯನ್ನು ಮೇಲೆತ್ತಿಯಾಗಿತ್ತು, ಹಗ್ಗ ಕಟ್ಟಿ ಎಳೆದುಕೊಳ್ಳಬೇಕಾಯಿತು. ದೋಣಿಯಲ್ಲಿದ್ದ ಉಳಿದವರು ಅಲ್ಲೇ ಉಳಿದರು. ಗಾಂಧಿಯವರಿಗೆ ಕಪ್ತಾನ ಗೆಳೆಯನಾಗಿದ್ದ. ನಿಮ್ಮ ಹಡಗಿನ ಕಪ್ತಾನ ಮೂರು ಸಾವಿರ ಪ್ರಯಾಣಿಕರ ನಡುವೆ ನಿಮಗಾಗಿ ಐದು ನಿಮಿಷ ಕಾಯುವನೆಂದು ನಂಬಬೇಡಿ. ಬಂದರಿನಲ್ಲಿ ಇಳಿದರೆ ಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ.

ಜೊತೆಯ ಪ್ರಯಾಣಿಕರ ವಿಷಯಕ್ಕೆ ಬರೋಣ. ಅದೇ 1893ರ ಜುಲೈ 14ರಂದು ಜಪಾನಿನ ಯೋಕೋಹಾಮದಿಂದ ಕೆನಡದ ವ್ಯಾಂಕೂವರಿಗೆ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗು ಹೊರಟಿತು. ಅದರಲ್ಲಿ ಮೂವತ್ತು ವರ್ಷದ ಸಂನ್ಯಾಸಿಯೊಬ್ಬರು ಇದ್ದರು, ಸ್ವಾಮಿ ವಿವೇಕಾನಂದ. ಬೇಸಿಗೆಯಲ್ಲವೆ ಎಂದುಕೊಂಡು ಬೆಚ್ಚನೆಯ ಬಟ್ಟೆ ಇಲ್ಲದೆ ಬಂದಿದ್ದರಿಂದ ಪೆಸಿಫಿಕ್ ಸಾಗರದ ಉತ್ತರಭಾಗದ ಚಳಿಯಲ್ಲಿ ಬಹಳ ಕಷ್ಟಪಟ್ಟರು. ಅದೇ ಹಡಗಿನಲ್ಲಿ ಐವತ್ತು ದಾಟಿದ ಉದ್ಯಮಿ ಜಮ್‌ಶೇಟ್‌ಜಿ ಟಾಟಾ ಇದ್ದರು. ನೆಲದ ಮೇಲೆ ಇವರಿಬ್ಬರೂ ಭೇಟಿಯಾಗುವ ಸಂಭವ ಎಷ್ಟು? ಒಬ್ಬರು ಪರಿವ್ರಾಜಕರು, ಇನ್ನೊಬ್ಬರು ಗಿರಣಿಗಳ ಒಡೆಯರು. ಹಡಗಿನಲ್ಲಿ ಮಾತ್ರ ತಪ್ಪಿಸಿಕೊಳ್ಳಲು ಜಾಗವಿಲ್ಲ. ಐದು ವರ್ಷಗಳ ನಂತರ, 1898ರ ನವೆಂಬರಿನಲ್ಲಿ, ಟಾಟಾ ಆ ಪ್ರಯಾಣವನ್ನೂ ಅಂದಿನ ಮಾತುಗಳನ್ನೂ ನೆನಪಿಸಿ, ತಾವು ಯೋಚಿಸುತ್ತಿರುವ ವಿಜ್ಞಾನ ಸಂಶೋಧನ ಸಂಸ್ಥೆಗೆ ಬೆಂಬಲ ಕೋರಿ ವಿವೇಕಾನಂದರಿಗೆ ಪತ್ರ ಬರೆದರು. ಮೈಸೂರು ಸಂಸ್ಥಾನ ಸುಮಾರು 370 ಎಕರೆ ಭೂಮಿ ಕೊಟ್ಟಿತು; 1909ರಲ್ಲಿ ಬೆಂಗಳೂರಿನಲ್ಲಿ ಆ ಸಂಸ್ಥೆ ಸ್ಥಾಪನೆಯಾಯಿತು. ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯೇ ಅದು. ಅದನ್ನು ನೋಡಲು ವಿವೇಕಾನಂದರೂ ಇರಲಿಲ್ಲ, ಟಾಟಾ ಅವರೂ ಇರಲಿಲ್ಲ. ಹಡಗಿನ ಮಾತುಕತೆಯಿಂದಲೇ ಸಂಸ್ಥೆ ಹುಟ್ಟಿತು ಎಂದು ಕೆಲವರು ಹೇಳುವುದು ಅತಿಶಯೋಕ್ತಿ. ಹಣ, ಸಮಿತಿ, ಸರ್ಕಾರದೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ಎಲ್ಲವೂ ಬೇಕಾಯಿತು. ಆದರೆ ಆ ಪರಿಚಯ ಐದು ವರ್ಷ ಮನಸ್ಸಿನಲ್ಲಿ ಉಳಿದಿತ್ತು ಎಂಬುದಕ್ಕೆ ಪತ್ರವೇ ಸಾಕ್ಷಿ. ನೀವು ಹಡಗಿನಲ್ಲಿ ನಿಮ್ಮ ಊರಿನವರ ಗುಂಪಿನಲ್ಲೇ ಇಸ್ಪೀಟು ಆಡುತ್ತ ಕುಳಿತರೆ ಇಂಥ ಪರಿಚಯ ಆಗದು. (ಪೂರ್ವಕ್ಕೆ ಹೊರಟು ಪೆಸಿಫಿಕ್ ದಾಟುವವರಿಗೆ ದಿನರೇಖೆಯ ಬಳಿ ಒಂದೇ ತಾರೀಖು ಎರಡು ಸಲ ಬರುತ್ತದೆ. ಏಕೆಂದು ಭೂಗೋಳದ ಅಧ್ಯಾಪಕರನ್ನು ಕೇಳಿ.)

ಬಿಡುವನ್ನು ಕೆಲಸಕ್ಕೆ ತಿರುಗಿಸಿದವರ ಕಥೆಗಳು ಇನ್ನೂ ಸೊಗಸಾದವು. 1909ರ ನವೆಂಬರಿನಲ್ಲಿ ಗಾಂಧೀಜಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ‘ಕಿಲ್ಡೋನನ್ ಕ್ಯಾಸಲ್’ ಹಡಗಿನಲ್ಲಿ ಮರಳುತ್ತಿದ್ದರು. ಹೋದ ಕೆಲಸ ಕೈಗೂಡಿರಲಿಲ್ಲ. ಹಡಗಿನವರೇ ಕೊಡುವ ಕಾಗದದ ಮೇಲೆ, 13ರಿಂದ 22ರವರೆಗೆ ಹತ್ತೇ ದಿನಗಳಲ್ಲಿ, ಗುಜರಾತಿಯಲ್ಲಿ ‘ಹಿಂದ್ ಸ್ವರಾಜ್’ ಬರೆದು ಮುಗಿಸಿದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಸುಮಾರು 275 ಪುಟಗಳ ಹಸ್ತಪ್ರತಿಯಲ್ಲಿ 40 ಪುಟ ಎಡಗೈಯದು. 1910ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಭಾರತದಲ್ಲಿ ನಿಷೇಧಿಸಿತು. ದಿನಚರಿ ಬರೆಯಲು ಒಂದು ನೋಟ್‌ಪುಸ್ತಕ ತೆಗೆದುಕೊಂಡು ಹೋಗಿ ಎಂದು ನಿಮಗೆ ಹೇಳುವಾಗ ನನ್ನ ಕಣ್ಣೆದುರು ಇರುವುದು ಆ ಎಡಗೈ.

1921ರ ಬೇಸಿಗೆಯಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸಿ. ವಿ. ರಾಮನ್ ಆಕ್ಸ್‌ಫರ್ಡ್ ಸಮ್ಮೇಳನ ಮುಗಿಸಿ ‘ನರ್ಕುಂಡ’ ಹಡಗಿನಲ್ಲಿ ಊರಿಗೆ ಹೊರಟರು. ಅದು ಅವರ ಮೊದಲ ವಿದೇಶ ಪ್ರವಾಸ. ಮೆಡಿಟರೇನಿಯನ್ನಿನ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಕಡಲಿನ ನೀಲಿ ಬರಿಯ ಆಕಾಶದ ಪ್ರತಿಬಿಂಬ ಎಂದು ಇಂಗ್ಲೆಂಡಿನ ಮಹಾವಿಜ್ಞಾನಿ ರ್‍ಯಾಲೆ ಹೇಳಿದ್ದರು. ಎಲ್ಲರೂ ಒಪ್ಪಿದ್ದರು. ರಾಮನ್ ಜೇಬಿನಲ್ಲಿ ನಿಕಲ್ ಪಟ್ಟಕ ಎಂಬ ಸಣ್ಣ ಹರಳು ಇತ್ತು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಓರೆಯಲ್ಲಿ ಪ್ರತಿಫಲಿಸುವ ಬೆಳಕು ಧ್ರುವೀಕರಣಗೊಂಡಿರುತ್ತದೆ. ಈ ಹರಳನ್ನು ತಕ್ಕಂತೆ ತಿರುಗಿಸಿದರೆ ಅದು ಅಡಗಿಬಿಡುತ್ತದೆ. ಪ್ರತಿಬಿಂಬವೇ ಕಾರಣವಾಗಿದ್ದರೆ ಆಗ ನೀಲಿಯೂ ಅಡಗಬೇಕಿತ್ತು. ಅಡಗಲಿಲ್ಲ, ಇನ್ನಷ್ಟು ಗಾಢವಾಗಿ ಕಂಡಿತು! ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತಿವೆ ಎಂದು ರಾಮನ್ ತೀರ್ಮಾನಿಸಿದರು. ಹಡಗು ಮುಂಬಯಿ ಮುಟ್ಟುವ ಹೊತ್ತಿಗೆ ಬರಹ ಸಿದ್ಧವಾಗಿತ್ತು. ನವೆಂಬರಿನಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಬೆಳಕಿನ ಚದರಿಕೆಯ ಬೆನ್ನು ಹತ್ತಿದ ಅವರು 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಮುಟ್ಟಿದರು. 1930ರಲ್ಲಿ ನೊಬೆಲ್ ಬಹುಮಾನ. 1933ರಲ್ಲಿ ಅವರು ನಿರ್ದೇಶಕರಾಗಿ ಬಂದದ್ದು ಟಾಟಾ ಕಟ್ಟಬಯಸಿದ್ದ ಅದೇ ಬೆಂಗಳೂರಿನ ಸಂಸ್ಥೆಗೆ.

ಈ ಪ್ರಯೋಗದ ಒಂದು ಭಾಗವನ್ನು ನೀವು ಊರಿನ ಕೆರೆಯ ದಂಡೆಯಲ್ಲೇ ಮಾಡಿ ನೋಡಬಹುದು. ಪೋಲರಾಯ್ಡ್ ತಂಪು ಕನ್ನಡಕದ ಮೂಲಕ ಹೊಳೆಯುವ ನೀರನ್ನು ಓರೆಯಾಗಿ ನೋಡಿ, ಆಮೇಲೆ ಕನ್ನಡಕವನ್ನು ನಿಧಾನವಾಗಿ ಕಾಲು ಸುತ್ತು ತಿರುಗಿಸಿ. ಹೊಳಪು ಹೋಗಿ ಬರುತ್ತದೆ. ನೀಲಿಗೆ ಮಾತ್ರ ಆಳವಾದ, ತಿಳಿಯಾದ ಕಡಲೇ ಬೇಕು. ನಮ್ಮ ಕರಾವಳಿಯ ದಡದ ನೀರು ಮರಳು ಮಣ್ಣು ಬೆರೆತು ಕದಡಿರುತ್ತದೆ.

ಕೊನೆಯದಾಗಿ ರಾಮನ್ನರ ಅಣ್ಣನ ಮಗನ ಮಾತು. ಮದ್ರಾಸಿನಲ್ಲಿ ಪದವಿ ಮುಗಿಸಿದ ಎಸ್. ಚಂದ್ರಶೇಖರ್‌ಗೆ ಕೇಂಬ್ರಿಜ್‌ನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ತಾಯಿ ಸೀತಾಲಕ್ಷ್ಮಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಹೋದರೆ ಮತ್ತೆ ನೋಡುವುದು ಅನುಮಾನ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಹೋಗಲೇಬೇಕೆಂದು ಹಟ ಹಿಡಿದವರು ತಾಯಿಯೇ. 1930ರ ಜುಲೈ 31ರಂದು, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ‘ಪಿಲ್ಸ್‌ನ’ ಎಂಬ ಇಟಲಿಯ ಹಡಗು ಹತ್ತಿದರು.

ಮಳೆಗಾಲದ ಅರಬ್ಬೀ ಸಮುದ್ರ. ಮೊದಲ ದಿನಗಳೆಲ್ಲ ಹೊಟ್ಟೆ ತೊಳಸುವಿಕೆಯಲ್ಲೇ ಹೋದವು. ಏಡನ್ ದಾಟಿದ ಮೇಲೆ ಕಡಲು ಶಾಂತವಾಯಿತು. ಚಂದ್ರಶೇಖರ್ ಬಳಿ ಇದ್ದದ್ದು ಕೆಲವು ಪುಸ್ತಕಗಳು, ಕಾಗದ, ಒಂದು ಪ್ರಶ್ನೆ. ಇಂಧನ ತೀರಿದ ನಕ್ಷತ್ರ ಕುಗ್ಗಿ ಶ್ವೇತಕುಬ್ಜವಾಗುತ್ತದೆ. ಎಲೆಕ್ಟ್ರಾನುಗಳ ಒತ್ತಡ ಅದನ್ನು ಮುಂದೆ ಕುಗ್ಗದಂತೆ ಎತ್ತಿಹಿಡಿಯುತ್ತದೆ ಎಂದು ಕೇಂಬ್ರಿಜ್‌ನ ಆರ್. ಎಚ್. ಫೌಲರ್ 1926ರಲ್ಲಿ ತೋರಿಸಿದ್ದರು. ಅಷ್ಟು ದಟ್ಟವಾದ ನಕ್ಷತ್ರದ ನಡುವೆ ಎಲೆಕ್ಟ್ರಾನುಗಳ ವೇಗ ಎಷ್ಟಿರಬಹುದು ಎಂದು ಹುಡುಗ ಲೆಕ್ಕ ಹಾಕಿದ. ಬೆಳಕಿನ ವೇಗಕ್ಕೆ ಹತ್ತಿರ ಬಂದಿತು. ಹಾಗಾದರೆ ಐನ್‌ಸ್ಟೈನರ ಸಾಪೇಕ್ಷತೆಯನ್ನು ಸೇರಿಸಿಕೊಳ್ಳಬೇಕಲ್ಲವೆ? ಸೇರಿಸಿದಾಗ ಹೊಸದೊಂದು ಉತ್ತರ ಬಂತು: ಶ್ವೇತಕುಬ್ಜದ ತೂಕಕ್ಕೆ ಒಂದು ಮಿತಿಯಿದೆ, ಅದನ್ನು ಮೀರಿದರೆ ಎಲೆಕ್ಟ್ರಾನುಗಳು ಆ ಭಾರವನ್ನು ಹೊರಲಾರವು. ಇಂದು ಒಪ್ಪಿರುವಂತೆ ಆ ಮಿತಿ ಸೂರ್ಯನ ಸುಮಾರು 1.4ರಷ್ಟು. ಅದನ್ನು ದಾಟಿದ ನಕ್ಷತ್ರ ಏನಾಗುತ್ತದೆ ಎಂಬ ಪ್ರಶ್ನೆಯೇ ಮುಂದೆ ವಿಜ್ಞಾನಿಗಳನ್ನು ಕಪ್ಪುಕುಳಿಗಳತ್ತ ಒಯ್ದಿತು.

ಕೇಂಬ್ರಿಜ್‌ನಲ್ಲಿ ಇದಕ್ಕೆ ಸಂಭ್ರಮದ ಸ್ವಾಗತವೇನೂ ಸಿಗಲಿಲ್ಲ. 1935ರ ಜನವರಿಯಲ್ಲಿ ಹೆಸರಾಂತ ಖಗೋಳ ವಿಜ್ಞಾನಿ ಎಡಿಂಗ್ಟನ್ ತುಂಬಿದ ಸಭೆಯಲ್ಲಿ ಇದನ್ನು ಗೇಲಿ ಮಾಡಿದರು. ನೊಬೆಲ್ ಬಂದದ್ದು 1983ರಲ್ಲಿ. ತಾಯಿ 1931ರ ಮೇ ತಿಂಗಳಲ್ಲೇ ತೀರಿಕೊಂಡಿದ್ದರು. ಸುದ್ದಿ ತಂತಿಯಲ್ಲಿ ಬೇಗ ಬರಬಹುದಿತ್ತು, ಮಗ ಬರಬೇಕಾದರೆ ಅದೇ ಹಡಗು, ಅದೇ ವಾರಗಳು. ಅವರು ಭಾರತಕ್ಕೆ ಮರಳಿ ಬಂದದ್ದು 1936ರಲ್ಲಿ.

ಆ ಸಮುದ್ರಯಾನದ ಲೆಕ್ಕ 1931ರಲ್ಲಿ ಅಮೆರಿಕದ ‘ಅಸ್ಟ್ರೋಫಿಸಿಕಲ್ ಜರ್ನಲ್’ನಲ್ಲಿ ಅಚ್ಚಾಯಿತು. ಎರಡೇ ಪುಟ. ಪದವಿ ತರಗತಿಯಲ್ಲಿ ಭೌತಶಾಸ್ತ್ರ ಓದುವವರು ಅಧ್ಯಾಪಕರ ಜೊತೆ ಕುಳಿತರೆ ಒಂದು ಸಂಜೆಯಲ್ಲಿ ಓದಬಹುದು.